ಸಂಗೀತದಲ್ಲಿ ಎಂ.ಎ.: ಲಕ್ಷ್ಯ ಒಂದು ಕಡೆ, ಲಕ್ಷಣ ಒಂದು ಕಡೆ

ಗಂಗೂಬಾಯಿ ಹಾನಗಲ್ ಅವರ ಶಾಲೆಯ ಓದು ಪ್ರಾಥಮಿಕ ಹಂತದಲ್ಲೇ ನಿಂತಿತು. ಮಲ್ಲಿಕಾರ್ಜುನ ಮನಸೂರರು ಹುಡುಗನಿದ್ದಾಗಲೇ ನಾಟಕ ಕಂಪನಿಯ ಪಾಲಾದವರು. ಸ್ಲೇಟು ಬಳಪದ ನಂಟು ಅವರಿಗೂ ಬಹಳ ದಿನ ಉಳಿಯಲಿಲ್ಲ. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇಬ್ಬರಿಗೂ ಗೌರವ ಡಾಕ್ಟರೇಟ್ ಕೊಟ್ಟಿತು, ಗಂಗೂಬಾಯಿಯವರನ್ನು ಗೌರವ ಪ್ರಾಧ್ಯಾಪಕಿಯಾಗಿ ಕರೆಸಿಕೊಂಡಿತು. ಡಿಗ್ರಿ ಇಲ್ಲದವರು ಡಿಗ್ರಿಗೆ ಓದುವವರನ್ನು ತಿದ್ದುವ ಈ ಪ್ರಸಂಗ ಯಾರಿಗಾದರೂ ನಗು ತರಿಸೀತು. ಆದರೆ ವಿಶ್ವವಿದ್ಯಾಲಯಕ್ಕೆ ಹಾಗೆ ಮಾಡದೆ ಬೇರೆ ದಾರಿ ಇರಲಿಲ್ಲ. ಹಾಡು ಅವರ ಬಳಿ ಇತ್ತು, ಸರ್ಟಿಫಿಕೇಟು ವಿಶ್ವವಿದ್ಯಾಲಯದ ಬಳಿ ಇತ್ತು.

ಅಂದಿನಿಂದ ಇಂದಿನವರೆಗೂ ಸಂಗೀತದ ಸ್ನಾತಕೋತ್ತರ ಪದವಿಯನ್ನು ಸುತ್ತಿಕೊಂಡಿರುವ ಅನುಮಾನ ಇದೇ. ಎಂ.ಎ. ಮಾಡಿದ ಮಾತ್ರಕ್ಕೆ ಹಾಡಲು ಬರುತ್ತದೆಯೇ ಎಂದು ಕಛೇರಿ ಮಾಡುವವರು ಕೇಳುತ್ತಾರೆ. ಹಾಡಲು ಬಂದ ಮಾತ್ರಕ್ಕೆ ಸಂಗೀತದ ಬಗ್ಗೆ ಗೊತ್ತಿದೆಯೇ ಎಂದು ಓದಿದವರು ಕೇಳುತ್ತಾರೆ. ಎರಡೂ ಪ್ರಶ್ನೆಗಳು ನ್ಯಾಯವಾದವೇ. ನನ್ನ ಮಟ್ಟಿಗೆ ನಿಜವಾದ ಪ್ರಶ್ನೆ ಇವೆರಡರ ಆಚೆ ಇದೆ. ಸಂಗೀತದ ಚರಿತ್ರೆಯನ್ನೂ ಪ್ರಯೋಗವನ್ನೂ ಒಂದೇ ಪದವಿಯೊಳಗೆ ಇಟ್ಟ ಮೇಲೆ, ಒಂದು ಇನ್ನೊಂದನ್ನು ಬದಲಾಯಿಸಬೇಕಲ್ಲವೇ? ಚರಿತ್ರೆ ಓದಿದವನ ಹಾಡು ಓದದವನ ಹಾಡಿಗಿಂತ ಎಲ್ಲಾದರೂ ಒಂದು ಕಡೆ ಬೇರೆಯಾಗಿ ಕೇಳಬೇಕು. ನಮ್ಮ ಬಹುಪಾಲು ವಿಭಾಗಗಳಲ್ಲಿ ಅದು ಆಗುತ್ತಿಲ್ಲ. ಲಕ್ಷಣ, ಅಂದರೆ ಥಿಯರಿ, ಬೆಳಿಗ್ಗೆ; ಲಕ್ಷ್ಯ, ಅಂದರೆ ಪ್ರಾಕ್ಟಿಕಲ್, ಮಧ್ಯಾಹ್ನ. ನಡುವೆ ಊಟದ ವಿರಾಮ.

ಸಂಗೀತ ತರಗತಿಯ ಕೋಣೆಗೆ ಬಂದ ಬಗೆಯನ್ನು ನೋಡಿದರೆ ಈ ಒಡಕಿನ ಬೇರು ಕಾಣುತ್ತದೆ. 1886ರಲ್ಲಿ ಬರೋಡದ ಗಾಯಕವಾಡರ ಆಶ್ರಯದಲ್ಲಿ ಸಂಗೀತ ಶಾಲೆ ನಡೆಸಿದ ಮೌಲಾಬಕ್ಷ್, ಅದಕ್ಕೂ ಮೊದಲು ಮೈಸೂರಿನ ಅರಮನೆಯಲ್ಲಿ ಮನ್ನಣೆ ಪಡೆದು ಕರ್ನಾಟಕ ಸಂಗೀತವನ್ನೂ ಅಭ್ಯಾಸ ಮಾಡಿದ್ದವರು. ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. ವಕೀಲಿ ಓದಿದ್ದ ವಿಷ್ಣು ನಾರಾಯಣ ಭಾತಖಂಡೆ 1916ರಲ್ಲಿ ಬರೋಡದಲ್ಲಿ ಅಖಿಲ ಭಾರತ ಸಂಗೀತ ಸಮ್ಮೇಳನ ಸೇರಿಸಿ, ಹತ್ತು ವರ್ಷಗಳ ನಂತರ ಲಖನೌದಲ್ಲಿ ಮ್ಯಾರಿಸ್ ಕಾಲೇಜು ಶುರುವಾಗುವಂತೆ ನೋಡಿಕೊಂಡರು. ದಕ್ಷಿಣದಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ 1928ರಲ್ಲಿ ಬಂತು, ಚಿದಂಬರದಲ್ಲಿ ಅಣ್ಣಾಮಲೈ ಚೆಟ್ಟಿಯಾರರ ಸಂಗೀತ ಕಾಲೇಜು 1929ರಲ್ಲಿ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪಿ. ಸಾಂಬಮೂರ್ತಿ ಬರೆದ ಪಠ್ಯಪುಸ್ತಕಗಳು ಇಂದಿಗೂ ದಕ್ಷಿಣದ ಪರೀಕ್ಷಾರ್ಥಿಗಳ ಕೈಯಲ್ಲಿವೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿಗೆ ಓಂಕಾರನಾಥ ಠಾಕೂರ್ ಬಂದರು. ಛತ್ತೀಸಗಡದ ಖೈರಾಗಢದಲ್ಲಿ 1956ರಲ್ಲಿ ಸಂಗೀತಕ್ಕೆಂದೇ ಒಂದು ವಿಶ್ವವಿದ್ಯಾಲಯ ತಲೆ ಎತ್ತಿತು. ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು 1960ರ ದಶಕದ್ದು, ವಿದ್ವಾನ್ ವಿ. ರಾಮರತ್ನಂ ಅದರ ಮೊದಲ ಪ್ರಾಂಶುಪಾಲರು. ಕಡೆಗೆ 2009ರ ಕಾಯಿದೆಯ ಮೂಲಕ ಗಂಗೂಬಾಯಿ ಹಾನಗಲ್ ಹೆಸರಿನಲ್ಲಿ ರಾಜ್ಯ ಸಂಗೀತ ವಿಶ್ವವಿದ್ಯಾಲಯ ಬಂತು. ಹುಬ್ಬಳ್ಳಿಯಲ್ಲಿ ಬಾಳಿದ ಗಾಯಕಿಯ ಹೆಸರಿನ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ ಎನ್ನುವುದನ್ನು ಉತ್ತರ ಕರ್ನಾಟಕದವರು ಇನ್ನೂ ಮರೆತಿಲ್ಲ.

ಈ ಸಂಸ್ಥೆಗಳನ್ನೆಲ್ಲ ಕಟ್ಟಿದವರಿಗೆ ಗಾಯಕರನ್ನು ತಯಾರು ಮಾಡುವ ಹಂಬಲಕ್ಕಿಂತ ದೊಡ್ಡ ಹಂಬಲ ಒಂದಿತ್ತು. ಸಂಗೀತ ಗೌರವಸ್ಥರ ಮನೆಯೊಳಗೆ ಬರಬೇಕು, ಅದಕ್ಕೊಂದು ಶಾಸ್ತ್ರ ಇದೆಯೆಂದು ಜಗತ್ತು ಒಪ್ಪಬೇಕು. ಬಂದದ್ದೂ ಹೌದು. ಯಾವ ಮನೆತನದ ಬೆಂಬಲವೂ ಇಲ್ಲದ ಹುಡುಗಿಯರು, ಹಾರ್ಮೋನಿಯಂ ಮುಟ್ಟಿದರೆ ಬೈಯುತ್ತಿದ್ದ ಮನೆಗಳ ಮಕ್ಕಳು ಕಾಲೇಜಿನ ಹೆಸರು ಹೇಳಿಕೊಂಡು ಸಂಗೀತ ಕಲಿತರು. ಇದು ಸಣ್ಣ ಲಾಭವಲ್ಲ. ಜೊತೆಗೆ ನಷ್ಟವೂ ಆಯಿತು. ಆ ತನಕ ಸಂಗೀತವನ್ನು ಕಾಪಾಡಿಕೊಂಡು ಬಂದಿದ್ದ ಉಸ್ತಾದರು, ತವಾಯಿಫ್‌ಗಳು, ದೇವದಾಸಿ ಮನೆತನದ ಹೆಂಗಸರು ಹೊಸ ಪಠ್ಯಕ್ರಮದಲ್ಲಿ ಮೂಲೆಗೆ ಸರಿದರು. ಪಲುಸ್ಕರ್ ಮತ್ತು ಭಾತಖಂಡೆ ಇಬ್ಬರನ್ನೂ ಎದುರುಬದುರು ಕೂರಿಸಿ ಇತಿಹಾಸಕಾರ್ತಿ ಜಾನಕಿ ಬಾಖ್ಲೆ 2005ರಲ್ಲಿ ಬರೆದ ಪುಸ್ತಕದ ತಿರುಳು ಹೆಚ್ಚುಕಡಿಮೆ ಇದೇ. ಆ ಪುಸ್ತಕದ ಎಲ್ಲ ವಾದಗಳನ್ನೂ ಒಪ್ಪಬೇಕಿಲ್ಲ. ಆದರೆ ಸಂಗೀತದಲ್ಲಿ ಎಂ.ಎ. ಮಾಡುತ್ತಿರುವವರು ತಾವು ಕುಳಿತ ಬೆಂಚು ಅಲ್ಲಿಗೆ ಬಂದದ್ದು ಹೇಗೆ ಎಂದು ತಿಳಿಯದೇ ಇರುವುದು ಮಾತ್ರ ವಿಚಿತ್ರ.

ಈಗಿನ ಎಂ.ಎ. ಎಂದರೆ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಕೆಲವು ಕಡೆ ಹೆಸರು ಎಂ.ಮ್ಯೂಸ್., ಕೆಲವು ಕಡೆ ಎಂ.ಪಿ.ಎ.; ಒಳಗಿನ ಸರಕು ಒಂದೇ. ಅರ್ಧ ಅಂಕ ಲಿಖಿತ ಪತ್ರಿಕೆಗಳಿಗೆ, ಅರ್ಧ ಅಥವಾ ಇನ್ನೂ ಸ್ವಲ್ಪ ಹೆಚ್ಚು ಪ್ರಾಯೋಗಿಕಕ್ಕೆ. ಕರ್ನಾಟಕ ಸಂಗೀತದವರಾದರೆ ವರ್ಣ, ಘನರಾಗ, ಸಮುದಾಯ ಕೃತಿಗಳು, ರಾಗ ತಾನ ಪಲ್ಲವಿ. ಹಿಂದೂಸ್ತಾನಿಯವರಾದರೆ ನಿಗದಿಯಾದ ರಾಗಗಳಲ್ಲಿ ಬಡಾ ಖಯಾಲ್, ಛೋಟಾ ಖಯಾಲ್, ತರಾನಾ, ಒಂದಿಷ್ಟು ಧ್ರುಪದ ಧಮಾರ್. ಕೊನೆಯ ಸೆಮಿಸ್ಟರಿಗೆ ವೇದಿಕೆಯ ಕಛೇರಿ, ಒಂದು ಕಿರು ಪ್ರಬಂಧ. ಕಾಗದದ ಮೇಲೆ ಚೆನ್ನಾಗಿಯೇ ಇದೆ.

ಸೇರುವವರಲ್ಲಿ ಮೂರ್ನಾಲ್ಕು ಬಗೆಯವರು. ವಿದ್ವತ್ ಮುಗಿಸಿ, ಕಛೇರಿಗಳನ್ನೂ ಮಾಡುತ್ತ, ಕಾಲೇಜು ಮೇಷ್ಟ್ರ ಕೆಲಸಕ್ಕೆ ಅರ್ಹತೆ ಬೇಕೆಂದು ಬರುವವರು ಒಂದು ಬಗೆ. ಇವರಿಗೆ ಪ್ರಾಯೋಗಿಕ ತರಗತಿ ಬೇಸರ, ಅಲ್ಲಿ ಕಲಿಸುವುದನ್ನು ಎಂದೋ ದಾಟಿ ಬಂದಿರುತ್ತಾರೆ. ಬಿ.ಎ.ಯಲ್ಲಿ ಸಂಗೀತವನ್ನು ಐಚ್ಛಿಕವಾಗಿ ತೆಗೆದುಕೊಂಡು ಅದೇ ಹಾದಿಯಲ್ಲಿ ಮುಂದುವರಿದವರು ಇನ್ನೊಂದು ಬಗೆ. ಇವರಿಗೆ ನಿಜಕ್ಕೂ ದಿನಕ್ಕೆ ನಾಲ್ಕು ಗಂಟೆ ಕಂಠಸಾಧನೆ ಬೇಕು, ವೇಳಾಪಟ್ಟಿಯಲ್ಲಿ ಸಿಗುವುದು ಒಂದು. ಮದುವೆ ಮಕ್ಕಳು ಎಲ್ಲ ಮುಗಿದು, ಕೈಬಿಟ್ಟಿದ್ದ ತಂಬೂರಿ ಮತ್ತೆ ಎತ್ತಿಕೊಂಡ ಹೆಂಗಸರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಕೇಳುವ ಕಿವಿ, ಓದುವ ತಾಳ್ಮೆ ಎರಡೂ ಅವರಿಗೇ ಹೆಚ್ಚು. ಇತ್ತೀಚೆಗೆ ಎಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಕೆಲಸದ ನಡುವೆ ಸೇರುವವರೂ ಕಾಣುತ್ತಿದ್ದಾರೆ. ಇಷ್ಟು ಬೇರೆ ಬೇರೆ ಮಟ್ಟದವರನ್ನು ಒಂದೇ ಜಮಖಾನದ ಮೇಲೆ ಕೂರಿಸಿ ಒಂದೇ ಕೃತಿ ಹೇಳಿಕೊಡುವ ಉಪಾಧ್ಯಾಯರ ಪಾಡು ಅವರಿಗೇ ಗೊತ್ತು.

ಪ್ರಯೋಗದ ಮಾತು ಹಾಗಿರಲಿ. ನನಗೆ ಹೆಚ್ಚು ಕೊರಗು ಇರುವುದು ಚರಿತ್ರೆಯ ಪತ್ರಿಕೆಯ ಬಗ್ಗೆ. ಸಾಧಾರಣವಾಗಿ ಅದು ಗ್ರಂಥಗಳ ಸಾಲು: ಭರತನ ನಾಟ್ಯಶಾಸ್ತ್ರ, ಮತಂಗನ ಬೃಹದ್ದೇಶಿ, ದೇವಗಿರಿಯ ಶಾರ್ಙ್ಗದೇವನ ಸಂಗೀತ ರತ್ನಾಕರ, ವಿಜಯನಗರದ ರಾಮಾಮಾತ್ಯ 1550ರಲ್ಲಿ ಬರೆದ ಸ್ವರಮೇಳ ಕಲಾನಿಧಿ, ವೆಂಕಟಮಖಿಯ ಚತುರ್ದಂಡೀ ಪ್ರಕಾಶಿಕೆ. ಎಷ್ಟು ಅಧ್ಯಾಯ, ಯಾವ ಅಧ್ಯಾಯದಲ್ಲಿ ಏನು, ಶ್ರುತಿ ಎಷ್ಟು, ಮೇಳ ಎಷ್ಟು. ಹತ್ತು ಅಂಕದ ಪ್ರಶ್ನೆಗೆ ಎರಡು ಪುಟದ ಉತ್ತರ. ಆ ಗ್ರಂಥಗಳನ್ನು ಬಿಡಿಸಿ ನೋಡುವ ವಿದ್ಯಾರ್ಥಿ ಅಪರೂಪ. ಗ್ರಂಥದ ಬಗ್ಗೆ ಬರೆದ ಗೈಡಿನ ಸಾರಾಂಶದ ನೋಟ್ಸು ಸಾಕಾಗುತ್ತದೆ.

ವೆಂಕಟಮಖಿಯನ್ನೇ ತೆಗೆದುಕೊಳ್ಳಿ. ತಂಜಾವೂರಿನ ನಾಯಕರ ಮಂತ್ರಿಯಾಗಿದ್ದ, ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ ಆತ. 72 ಮೇಳಗಳ ಲೆಕ್ಕವನ್ನು 17ನೇ ಶತಮಾನದಲ್ಲಿ ಕಟ್ಟಿದವನು. ವಿದ್ಯಾರ್ಥಿಗಳು 72ರ ಚಕ್ರವನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಗ್ರಂಥಕಾರ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದುವು 19 ಮೇಳಗಳು ಮಾತ್ರ ಎಂದು ಹೇಳಿರುವುದರ ಮೇಲೆ ಯಾರೂ ನಿಲ್ಲುವುದಿಲ್ಲ. ಹಾಗಾದರೆ ಉಳಿದ 53 ಏನು? ಬರೀ ಗಣಿತ. ಬರೀ ಗಣಿತವಾಗಿದ್ದದ್ದು ಮುಂದೆ ಹಾಡಾಯಿತು. ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು ಆ ಖಾಲಿ ಮನೆಗಳೊಳಗೆ ಹೊಕ್ಕು ರಾಗಗಳನ್ನು ಮೂಡಿಸಿದರು. ಶಾಸ್ತ್ರ ಮುಂದೆ ಹೋಗಿ ಪ್ರಯೋಗವನ್ನು ಎಳೆದುಕೊಂಡ ಅಪರೂಪದ ಸಂದರ್ಭ ಇದು. 1904ರಲ್ಲಿ ದಕ್ಷಿಣಕ್ಕೆ ಬಂದ ಭಾತಖಂಡೆ ಎಟ್ಟಯಪುರದಲ್ಲಿ ಸುಬ್ಬರಾಮ ದೀಕ್ಷಿತರನ್ನು ಕಂಡು ಇದೇ ಗ್ರಂಥದ ಪ್ರತಿ ಪಡೆದು ಹೋದರು, ಮುಂದೆ ಹಿಂದೂಸ್ತಾನಿ ರಾಗಗಳನ್ನು ಹತ್ತು ಥಾಟುಗಳಲ್ಲಿ ಹಂಚಿದರು. ತಂಜಾವೂರಿನ ಒಂದು ಲೆಕ್ಕ ಲಖನೌದ ತರಗತಿಯವರೆಗೆ ನಡೆದ ದಾರಿ ಇದು. ಇದನ್ನು ಕತೆಯಾಗಿ ಹೇಳಿ, ಎರಡು ಮೂರು ಮೇಳಗಳನ್ನು ಹಾಡಿ ತೋರಿಸಿದರೆ ಆ ಪಾಠವನ್ನು ಯಾರೂ ಮರೆಯುವುದಿಲ್ಲ.

ಅದೇ 1904ರಲ್ಲಿ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ತೆಲುಗಿನಲ್ಲಿ ಅಚ್ಚಾಯಿತು. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಗಮಕದ ಚಿಹ್ನೆಗಳ ಸಮೇತ ಸ್ವರಲಿಪಿಯಲ್ಲಿ ಇಟ್ಟ ಪುಸ್ತಕ. ಇಂದು ನಾವು ಶುದ್ಧಸಾವೇರಿ ಎಂದು ಹಾಡುವ ರಾಗ ಅಲ್ಲಿ ದೇವಕ್ರಿಯ. ಹೆಸರಷ್ಟೇ ಬೇರೆಯಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಎಷ್ಟೋ ಕೃತಿಗಳ ನಡೆಯೇ ನಾವು ಇಂದು ಕೇಳುವುದಕ್ಕಿಂತ ಬೇರೆ. ಒಬ್ಬ ವಿದ್ಯಾರ್ಥಿ ಒಂದೇ ಒಂದು ಕೃತಿಯನ್ನು ಆರಿಸಿಕೊಂಡು, ಪುಸ್ತಕದಲ್ಲಿರುವಂತೆ ಒಮ್ಮೆ, ತನ್ನ ಗುರುಗಳ ಪಾಠಾಂತರದಂತೆ ಒಮ್ಮೆ ಹಾಡಿ, ಎಲ್ಲಿ ಬದಲಾಯಿತು, ಯಾರ ಬಾಯಲ್ಲಿ ಬದಲಾಗಿರಬಹುದು ಎಂದು ಹುಡುಕಿದರೆ ಅದು ಎರಡು ವರ್ಷಕ್ಕೆ ಸಾಕಾಗುವ ಕೆಲಸ. ಚರಿತ್ರೆಯೂ ಅದೇ, ಪ್ರಯೋಗವೂ ಅದೇ.

ಹಿಂದೂಸ್ತಾನಿಯವರಿಗೆ ಗ್ರಾಮಫೋನ್ ತಟ್ಟೆಗಳೇ ಗ್ರಂಥಗಳು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗಿನಿಂದ ಶುರುವಾದ ದಾಖಲೆ ಅದು. ತಟ್ಟೆಯ ಒಂದು ಬದಿಗೆ ಮೂರು ನಿಮಿಷದ ಆಸುಪಾಸು. ಗಂಟೆಗಟ್ಟಲೆ ಹಾಡುವವರು ಆ ಮೂರು ನಿಮಿಷದಲ್ಲಿ ಏನನ್ನು ಇಟ್ಟುಕೊಂಡರು, ಏನನ್ನು ಬಿಟ್ಟರು ಎನ್ನುವುದೇ ಒಂದು ಪ್ರಬಂಧ. ಅಬ್ದುಲ್ ಕರೀಂ ಖಾನರು ತ್ಯಾಗರಾಜರ ಖರಹರಪ್ರಿಯ ಕೃತಿಯೊಂದನ್ನು ತಟ್ಟೆಗೆ ಹಾಡಿದ್ದಾರೆ. ಮೈಸೂರಿನ ದಸರಾ ಕಛೇರಿಗಳಿಗೆ ಬಂದುಹೋಗುತ್ತಿದ್ದ ಅವರ ಸರಗಮ್ ಮೇಲೆ ದಕ್ಷಿಣದ ನೆರಳು ಎಷ್ಟಿದೆ? ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಅದು ಎಷ್ಟು ಉಳಿಯಿತು, ಸವಾಯಿ ಗಂಧರ್ವರ ಶಿಷ್ಯರಾದ ಗಂಗೂಬಾಯಿ, ಭೀಮಸೇನ ಜೋಶಿಯವರಲ್ಲಿ ಎಷ್ಟು? ಇವೆಲ್ಲ ಧ್ವನಿಮುದ್ರಿಕೆಯಲ್ಲಿ ಕೇಳಸಿಗುತ್ತವೆ. ಇವರೆಲ್ಲರ ಕಿರಾನಾ ಘರಾನೆಯ ಲಕ್ಷಣಗಳು ಐದು ಎಂದು ಬರೆದು ಅಂಕ ಗಿಟ್ಟಿಸುವುದಕ್ಕಿಂತ, ಮೂರು ತಲೆಮಾರಿನ ಒಂದೇ ರಾಗವನ್ನು ಕೇಳಿ, ಅದೇ ಮುಖಡಾವನ್ನು ಮೂರು ಬಗೆಯಲ್ಲಿ ಹಿಡಿದು ತೋರಿಸುವುದು ಕಷ್ಟದ ಪರೀಕ್ಷೆ, ಒಳ್ಳೆಯ ಪರೀಕ್ಷೆ.

ಕನ್ನಡಕ್ಕೇ ಸೇರಿದ ಪ್ರಶ್ನೆಗಳು ಬೇರೆ ಇವೆ. ದಾಸರ ಪದಗಳ ಹಸ್ತಪ್ರತಿಗಳಲ್ಲಿ ರಾಗ ತಾಳಗಳ ಹೆಸರಿದೆ, ಸಾಮಾನ್ಯವಾಗಿ ಸ್ವರವಿಲ್ಲ. ಇಂದು ವೇದಿಕೆಯಲ್ಲಿ ಕೇಳುವ ಮಟ್ಟುಗಳಲ್ಲಿ ಹೆಚ್ಚಿನವು ಕಳೆದ ನೂರು ವರ್ಷಗಳಲ್ಲಿ ಯಾರೋ ಕೂಡಿಸಿದ್ದು. ಹಾಗೆಂದು ಪುರಂದರದಾಸರ ಕಾಲದ ಸಂಗೀತ ಪೂರ್ತಿ ಕೈಬಿಟ್ಟುಹೋಗಿದೆ ಎಂದೂ ಅಲ್ಲ. ತಂಜಾವೂರಿನ ತುಳಜ ಮಹಾರಾಜನ ‘ಸಂಗೀತ ಸಾರಾಮೃತ’ ರಾಗಗಳ ಲಕ್ಷಣ ಹೇಳುವಾಗ ದಾಸರ ಸೂಳಾದಿಗಳನ್ನು ಉದಾಹರಿಸುತ್ತದೆ. ಸೂಳಾದಿ ಎಂದರೆ ಪರೀಕ್ಷೆಗೆ ಸಪ್ತತಾಳದ ಹೆಸರು ಬರೆಯುವ ನೆಪವಾಗಿ ಮಾತ್ರ ಉಳಿದಿರುವ ನಾಡಿನಲ್ಲಿ ಇದನ್ನು ಯಾರಾದರೂ ಬೆನ್ನು ಹತ್ತಬೇಕು. ವಚನ ಗಾಯನದ ಕತೆ ಇನ್ನೂ ಹತ್ತಿರದ್ದು. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಮಾಡಿಸಿದ ಮೇಲೆ ವಚನಗಳು ಮನೆ ಮನೆಗೆ ಬಂದವು; ಮನಸೂರರೂ ಸಿದ್ಧರಾಮ ಜಂಬಲದಿನ್ನಿಯವರೂ ಅವುಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಒಂದು ಪರಂಪರೆಯನ್ನೇ ಹುಟ್ಟುಹಾಕಿದರು. ಹನ್ನೆರಡನೆಯ ಶತಮಾನದ ಪಠ್ಯಕ್ಕೆ ಇಪ್ಪತ್ತನೆಯ ಶತಮಾನದ ಸಂಗೀತ. ಬಹಳ ಜನ ಅದನ್ನು ಬಸವಣ್ಣನ ಕಾಲದ್ದೇ ಎಂದುಕೊಂಡು ಕೇಳುತ್ತಾರೆ. ಎಂ.ಎ. ವಿದ್ಯಾರ್ಥಿಯೂ ಹಾಗೇ ಅಂದುಕೊಂಡರೆ ಆ ಪದವಿಯ ಅಗತ್ಯವೇನು?

ಪಶ್ಚಿಮದಲ್ಲಿ ಈ ಒಡಕನ್ನು ಮೊದಲೇ ಒಪ್ಪಿಕೊಂಡು ಎರಡು ಸಂಸ್ಥೆಗಳನ್ನೇ ಮಾಡಿಬಿಟ್ಟರು. ನುಡಿಸುವವರಿಗೆ ಕನ್ಸರ್ವೇಟರಿ, ಪ್ಯಾರಿಸ್ಸಿನದು 1795ರದ್ದು. ಓದುವವರಿಗೆ ವಿಶ್ವವಿದ್ಯಾಲಯ; ಅಲ್ಲಿ ಸಂಗೀತಶಾಸ್ತ್ರದ ಕ್ಷೇತ್ರ ಏನೇನು ಎಂದು ಗೀಡೋ ಆಡ್ಲರ್ ಎಂಬಾತ 1885ರಲ್ಲಿ ಗೆರೆ ಎಳೆದು ತೋರಿಸಿದ, ಚರಿತ್ರೆ ಒಂದು ಕಡೆ, ಸ್ವರಶಾಸ್ತ್ರ, ಸೌಂದರ್ಯಶಾಸ್ತ್ರ ಮೊದಲಾದುವು ಇನ್ನೊಂದು ಕಡೆ. ಆಮೇಲೆ ಅವರಿಗೂ ಇದು ಸಾಲದೆನಿಸಿತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1933ರಲ್ಲಿ ಪೌಲ್ ಸಾಕರ್ ಮತ್ತು ಗೆಳೆಯರು ಕಟ್ಟಿದ ಸ್ಕೋಲಾ ಕ್ಯಾಂಟೋರುಮ್ ಹಳೆಯ ಸಂಗೀತದ ಸಂಶೋಧನೆ, ವಾದನ ಎರಡನ್ನೂ ಒಂದೇ ಸೂರಿನಡಿ ತಂದಿತು. ಹಸ್ತಪ್ರತಿ ಓದುವವನೇ ವಾದ್ಯ ಹಿಡಿಯಬೇಕು. ಬಾಖ್‌ಗೆ ಹಿಂದಿನ ಕಾಲದ ಸಂಗೀತ ಇಂದು ಯುರೋಪಿನ ವೇದಿಕೆಗಳಲ್ಲಿ ಬೇರೆಯಾಗಿಯೇ ಕೇಳುವುದಕ್ಕೆ ಇಂಥ ಶಾಲೆಗಳೂ ಕಾರಣ. ಅಲ್ಲಿ ಚರಿತ್ರೆ ನಿಜಕ್ಕೂ ನಾದವನ್ನು ಬದಲಾಯಿಸಿತು.

ಅಮೆರಿಕದವರು ಬೇರೆ ದಿಕ್ಕಿನಿಂದ ಬಂದರು. ಬೇರೆ ದೇಶದ ಸಂಗೀತದ ಬಗ್ಗೆ ಬರೆಯುವವನಿಗೆ ಅದನ್ನು ಹಾಡಲು ನುಡಿಸಲು ಬರಬೇಕು ಎಂದು ಕ್ಯಾಲಿಫೋರ್ನಿಯಾದ ಮ್ಯಾಂಟಲ್ ಹುಡ್ 1960ರಲ್ಲಿ ವಾದಿಸಿದರು. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ 1963ರಲ್ಲಿ ಮೃದಂಗದ ಟಿ. ರಂಗನಾಥನ್ ಹೋದರು, ಅವರ ತಮ್ಮ ಕೊಳಲಿನ ಟಿ. ವಿಶ್ವನಾಥನ್ ಕೂಡ ಅಲ್ಲಿ ಬಹುಕಾಲ ಪಾಠ ಹೇಳಿದರು. ನಮ್ಮವರೇ ಆದ ರಾಜೀವ ತಾರಾನಾಥ್ ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡಿ, ಮೇಷ್ಟ್ರುಗಿರಿ ಬಿಟ್ಟು ಅಲಿ ಅಕ್ಬರ್ ಖಾನರ ಬಳಿ ಸರೋದ್ ಹಿಡಿದವರು. 1995ರಿಂದ ಹತ್ತು ವರ್ಷ ಕ್ಯಾಲಿಫೋರ್ನಿಯಾ ಕಲಾ ಸಂಸ್ಥೆಯಲ್ಲಿ ಭಾರತೀಯ ಸಂಗೀತ ವಿಭಾಗ ನಡೆಸಿದರು. ಇಂಥ ಕಡೆಗಳಲ್ಲಿ ಎಂ.ಎ. ಮಾಡಲು ಹೋಗುವ ಕನ್ನಡದ ಹುಡುಗರು ಈಗ ಒಬ್ಬೊಬ್ಬರು ಸಿಗುತ್ತಾರೆ. ಹೋದವರಿಗೆ ಸಿಗುವುದು ಹೊಸ ರಾಗವಲ್ಲ. ಕ್ಷೇತ್ರಕಾರ್ಯ, ಆರ್ಕೈವ್ ಬಳಸುವ ಕ್ರಮ, ತನ್ನ ಸಂಗೀತವನ್ನು ಹೊರಗಿನವರ ಎದುರು ವಿವರಿಸಬೇಕಾಗಿ ಬಂದಾಗ ಆಗುವ ತಬ್ಬಿಬ್ಬು. ಖರ್ಚು ಮಾತ್ರ ಮಧ್ಯಮ ವರ್ಗದ ಮನೆಗೆ ಹೊರೆಯೇ. ವಿದ್ಯಾರ್ಥಿವೇತನ ಖಾತ್ರಿಯಾಗದೆ ಹೊರಡಬೇಡಿ ಎನ್ನುವುದು ನನ್ನ ಸಲಹೆ.

ಈ ಪಶ್ಚಿಮ ಪೂರ್ವದ ಮಾತು ಬಂದಾಗ ಜಯಚಾಮರಾಜ ಒಡೆಯರ್ ನೆನಪಾಗದೆ ಇರುವುದಿಲ್ಲ. ಪಿಯಾನೋದಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆ ಪಾಸು ಮಾಡಿದ ಮಹಾರಾಜ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದು ಅವರು ಕೊಟ್ಟ ಹಣದಿಂದ. ಅದೇ ಮನುಷ್ಯ ಶ್ರೀವಿದ್ಯಾ ಉಪಾಸನೆಯ ತೊಂಬತ್ತಕ್ಕೂ ಹೆಚ್ಚು ಸಂಸ್ಕೃತ ಕೃತಿಗಳನ್ನು ರಚಿಸಿದರು, ಅದೂ ಬಹುಪಾಲು ಒಂದೊಂದಕ್ಕೆ ಒಂದೊಂದು ರಾಗದಲ್ಲಿ. ಎರಡೂ ಲೋಕಗಳಲ್ಲಿ ಚರಿತ್ರೆ ಬಲ್ಲ, ಕೈಯಲ್ಲಿ ನಾದವೂ ಇದ್ದ ವಿದ್ಯಾರ್ಥಿ ಎಂದರೆ ಅವರೇ. ಅಷ್ಟು ಅನುಕೂಲ ಎಲ್ಲರಿಗೂ ಇರುವುದಿಲ್ಲ, ಒಪ್ಪಿದೆ.

ಗುರುಕುಲವೇ ಮೇಲು, ವಿಶ್ವವಿದ್ಯಾಲಯ ದಂಡ ಎನ್ನುವವರ ವಾದಕ್ಕೆ ಬರೋಣ. ಕಂಠ ತಿದ್ದುವ ವಿಷಯದಲ್ಲಿ ಅವರ ಮಾತಿಗೆ ಎದುರಾಡುವ ಧೈರ್ಯ ನನಗಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಕಲಿಸಿದ್ದನ್ನು ಯಾವ ಸೆಮಿಸ್ಟರ್ ಪದ್ಧತಿಯೂ ಮಾಡಲಾರದು. ಕಲ್ಕತ್ತೆಯ ಐ.ಟಿ.ಸಿ. ಸಂಗೀತ ಸಂಶೋಧನಾ ಅಕಾಡೆಮಿ, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಗುರುಕುಲ ಇವು ಕಂಠಕ್ಕೆ ಬೇಕಾದ ದೀರ್ಘ ಕಾಲವನ್ನು ಕೊಡುವ ಸ್ಥಳಗಳು. ಆದರೆ ಗುರುವಿನ ಎದುರು ಕೂತು ಕೇಳಲಾಗದ ಪ್ರಶ್ನೆಗಳು ಕೆಲವಿವೆ. ನಮ್ಮ ಪಾಠಾಂತರ ಇತ್ತೀಚಿನದಿರಬಹುದೇ? ಈ ಕತೆ ನಿಜವೇ? ನಮ್ಮ ಪರಂಪರೆಯ ಪಟ್ಟಿಯಲ್ಲಿ ಹೆಂಗಸರ ಹೆಸರು ಯಾಕಿಲ್ಲ?

ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ದೇವದಾಸಿ ಮನೆತನದವರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದು ಅವರ ಸಂಪಾದನೆಯಲ್ಲಿ, 1920ರ ದಶಕದಲ್ಲಿ. ಆರಾಧನೆಯ ಸಮಯದಲ್ಲಿ ಅಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಅವರು ಹೆಂಗಸರನ್ನೇ ಸೇರಿಸಿಕೊಂಡು ಬೇರೆಯಾಗಿ ಆರಾಧನೆ ನಡೆಸಿದರು. ಇಂದು ಪಂಚರತ್ನ ಕೃತಿಗಳನ್ನು ಗೋಷ್ಠಿಯಲ್ಲಿ ಹಾಡುವ ಹುಡುಗಿಯರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಗುರುಮನೆಯಲ್ಲಿ ಈ ವಿಷಯ ಮಾತಿಗೆ ಬರುವುದು ಕಡಿಮೆ, ಬಂದರೂ ಮೆಲ್ಲಗೆ ದಾಟಿಹೋಗುತ್ತದೆ. ವಿಶ್ವವಿದ್ಯಾಲಯದಲ್ಲಿ ದಾಟಿಸಬೇಕಾದ ದಾಕ್ಷಿಣ್ಯ ಯಾರಿಗೂ ಇಲ್ಲ, ಅಥವಾ ಇರಬಾರದು. ಎಂ.ಎ.ಯಿಂದ ಸಿಗಬೇಕಾದ ದೊಡ್ಡ ಲಾಭವೇ ಈ ಸ್ವಾತಂತ್ರ್ಯ. ಗುರುವಿನ ಮೇಲಿನ ಭಕ್ತಿಯನ್ನೂ ಸಾಕ್ಷ್ಯದ ಮೇಲಿನ ನಿಷ್ಠೆಯನ್ನೂ ಒಟ್ಟಿಗೆ ಹೊರುವುದು ಸುಲಭವಲ್ಲ. ಕೆಲವು ವಿಭಾಗಗಳಲ್ಲಿ ಉಪಾಧ್ಯಾಯರೇ ಗುರುವಿನ ಪೀಠ ಹಾಕಿಕೊಂಡು ಕೂತುಬಿಡುತ್ತಾರೆ. ಅಲ್ಲಿ ಕಂಠಸಾಧನೆಗೆ ಬೇಕಾದ ಕಾಲವೂ ಇಲ್ಲ, ಕೇಳು ಎನ್ನುವವರೂ ಇಲ್ಲ.

ಕಲಿಸುವವರ ಆಯ್ಕೆಯಲ್ಲೂ ಇದೇ ಒಡಕು. ಯು.ಜಿ.ಸಿ.ಯ 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕರಾಗಲು ಎರಡು ದಾರಿ ಇಟ್ಟಿದೆ. ಒಂದು, ಶೇಕಡ 55 ಅಂಕದ ಸ್ನಾತಕೋತ್ತರ ಪದವಿ ಮತ್ತು ನೆಟ್. ಇನ್ನೊಂದು, ಹೆಸರಾಂತ ಗುರುಗಳ ಬಳಿ ಕಲಿತ, ಆಕಾಶವಾಣಿಯ ‘ಎ’ ಶ್ರೇಣಿ ಪಡೆದ, ವಿಷಯವನ್ನು ತರ್ಕಬದ್ಧವಾಗಿ ವಿವರಿಸಬಲ್ಲ ಪದವೀಧರ ಕಲಾವಿದ. ಎರಡನೆಯ ದಾರಿ ಒಳ್ಳೆಯದು, ಅದರಲ್ಲಿ ಬಂದವರು ಕಡಿಮೆ. ಮೊದಲನೆಯದರ ನೆಟ್ ಪರೀಕ್ಷೆ ಪೂರ್ತಿ ಬಹು ಆಯ್ಕೆಯ ಪ್ರಶ್ನೆಗಳದ್ದು: ಮೊದಲ ಪತ್ರಿಕೆ 50, ಎರಡನೆಯದು 100, ಒಟ್ಟು ಮೂರು ಗಂಟೆ, ಕಂಪ್ಯೂಟರಿನ ಎದುರು. ಸಂಗೀತ ಕಲಿಸುವ ಅರ್ಹತೆಯನ್ನು ಒಂದೇ ಒಂದು ಸ್ವರ ಕೇಳದೆ ನಿರ್ಧರಿಸುವ ವ್ಯವಸ್ಥೆ ಇದು. ಗ್ರಂಥಗಳ ಸಾಲು ಬಾಯಿಪಾಠದಲ್ಲೇ ಉಳಿದಿರುವುದಕ್ಕೆ ಪಠ್ಯಕ್ರಮದಷ್ಟೇ ಈ ಪರೀಕ್ಷೆಯೂ ಕಾರಣ. ತರಗತಿಯಲ್ಲಿ ಮೇಷ್ಟ್ರು ಬೇರೆ ದಾರಿ ಹಿಡಿದರೆ ವಿದ್ಯಾರ್ಥಿಗಳೇ ನೆಟ್‌ಗೆ ಬರುವುದನ್ನು ಹೇಳಿ ಸರ್ ಎನ್ನುತ್ತಾರೆ.

ಪುಸ್ತಕಗಳ ಕೊರತೆ ಎಂಬ ದೂರು ಪೂರ್ತಿ ನಿಜವಲ್ಲ. ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’ ಓದಿದರೆ ಅರಮನೆಯ ಸಂಗೀತ ಹೇಗೆ ನಡೆಯುತ್ತಿತ್ತೆಂದು ಒಳಗಿನವರ ಕಣ್ಣಿನಿಂದ ಕಾಣುತ್ತದೆ. ಮನಸೂರರ ‘ನನ್ನ ರಸಯಾತ್ರೆ’, ಗಂಗೂಬಾಯಿಯವರ ‘ನನ್ನ ಬದುಕಿನ ಹಾಡು’ ಎರಡೂ ಚರಿತ್ರೆಯ ಆಕರಗಳೇ. ವಿದ್ಯಾರ್ಥಿಗಳು ಅವುಗಳನ್ನು ಅಭಿಮಾನದ ಓದಿಗೆ ಮಾತ್ರ ಮೀಸಲಿಟ್ಟಿದ್ದಾರೆ. ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ಮೈಸೂರಿನ ರಾ. ಸತ್ಯನಾರಾಯಣ ಸಂಗೀತ ರತ್ನಾಕರಕ್ಕೆ ಕನ್ನಡದಲ್ಲಿ ವ್ಯಾಖ್ಯಾನ ಬರೆದರು, ಚತುರ್ದಂಡೀ ಪ್ರಕಾಶಿಕೆಯನ್ನು ಸಂಪಾದಿಸಿದರು. ಇಷ್ಟೆಲ್ಲ ಇದ್ದೂ ಪ್ರಬಂಧ ಬರೆಯುವಾಗ ಹುಡುಗರು ಇಂಗ್ಲಿಷಿಗೋ ಹಿಂದಿ ಗೈಡಿಗೋ ಕೈ ಚಾಚುತ್ತಾರೆ. ಹಿಂದೂಸ್ತಾನಿ ವಿಭಾಗದಲ್ಲಿ ಇದು ಹೆಚ್ಚು.

ಕೆಲಸದ ಪ್ರಶ್ನೆಗೆ ಸುತ್ತುಬಳಸಿ ಉತ್ತರಿಸುವುದರಲ್ಲಿ ಅರ್ಥವಿಲ್ಲ. ಕಾಯಂ ಹುದ್ದೆಗಳು ಬೆರಳೆಣಿಕೆಯವು, ಅತಿಥಿ ಉಪನ್ಯಾಸಕರಾಗಿಯೇ ವಯಸ್ಸು ಕಳೆಯುವವರು ಅನೇಕರು. ಖಾಸಗಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರಿಗೆ ಬೇಡಿಕೆ ಇದೆ, ಸಂಬಳ ಶಾಲೆಯ ಮೇಲೆ. ಕೋವಿಡ್ ನಂತರ ಬೆಳಗಿನ ಜಾವ ಅಮೆರಿಕದ ಕನ್ನಡ ಮಕ್ಕಳಿಗೆ, ಸಂಜೆ ದುಬೈ ಲಂಡನ್ನಿನ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳಿ ಮನೆ ನಡೆಸುವ ಯುವ ವಿದ್ವಾಂಸರು ಹೆಚ್ಚಿದ್ದಾರೆ. ಆ ಮಕ್ಕಳ ತಾಯ್ತಂದೆಯರು ಡಿಗ್ರಿ ಕೇಳುತ್ತಾರೆ ಎನ್ನುವುದು ತಮಾಷೆಯಾದರೂ ನಿಜ.

ಹಾಗಾದರೆ ಏನು ಮಾಡಬಹುದು? ಹೊಸದೇನನ್ನೂ ಹುಡುಕಬೇಕಾಗಿಲ್ಲ. ಸೋದಾಹರಣ ಪ್ರಾತ್ಯಕ್ಷಿಕೆ ಎಂಬುದು ನಮ್ಮಲ್ಲಿ ಮೊದಲಿನಿಂದ ಇದೆ. ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಡಿಸೆಂಬರ್ ಬೆಳಗಿನ ಗೋಷ್ಠಿಗಳಲ್ಲಿ ವಿದ್ವಾಂಸರು ಒಂದು ಪ್ರಶ್ನೆ ಎತ್ತಿ, ಹಾಡಿ ತೋರಿಸಿ, ಎದುರು ಕೂತವರ ಆಕ್ಷೇಪಕ್ಕೆ ಮತ್ತೆ ಹಾಡಿಯೇ ಉತ್ತರ ಕೊಟ್ಟಿದ್ದಾರೆ. ಅಕಾಡೆಮಿಯ ಪತ್ರಿಕೆ 1930ರಿಂದ ಆ ಚರ್ಚೆಗಳನ್ನು ದಾಖಲಿಸಿಕೊಂಡು ಬಂದಿದೆ. ಎಂ.ಎ.ಯ ಕೊನೆಯ ಕಛೇರಿಯನ್ನೂ ಕಿರು ಪ್ರಬಂಧವನ್ನೂ ಸೇರಿಸಿ ಇಂಥದ್ದೊಂದು ಪ್ರಾತ್ಯಕ್ಷಿಕೆಯನ್ನಾಗಿ ಮಾಡಿದರೆ ಲಿಖಿತಕ್ಕೆ ಒಬ್ಬರು, ಪ್ರಾಯೋಗಿಕಕ್ಕೆ ಒಬ್ಬರು ಪರೀಕ್ಷಕರು ಬೇರೆ ಬೇರೆ ಕೂರುವ ಪ್ರಮೇಯವೇ ಬರುವುದಿಲ್ಲ. ಒಬ್ಬಳು ಒಂದು ರಾಗದ ನೂರು ವರ್ಷದ ಪ್ರಯಾಣವನ್ನು ಒಂದು ಗಂಟೆಯಲ್ಲಿ ಹಾಡಿ ಹೇಳಲಿ. ಒಬ್ಬ ತನ್ನೂರಿನ ಭಜನೆ ಮಠದ ಮಟ್ಟುಗಳು ನಾಟಕ ಕಂಪನಿಯಿಂದ ಬಂದವೋ, ಅಲ್ಲಿಗೆ ಹೋದವೋ ಹುಡುಕಲಿ. ಹಾಡು ದುರ್ಬಲವಾದರೆ ವಾದ ನಿಲ್ಲುವುದಿಲ್ಲ, ವಾದ ಪೊಳ್ಳಾದರೆ ಹಾಡು ಎಷ್ಟು ಚೆನ್ನಾಗಿದ್ದರೂ ಅಂಕ ಸಿಗುವುದಿಲ್ಲ.

ಸೇರಬೇಕೆಂದಿರುವವರು ಅರ್ಜಿ ಹಾಕುವ ಮೊದಲು ವಿಭಾಗಕ್ಕೆ ಒಂದು ಸಲ ಹೋಗಿ ಬರಬೇಕು. ಗ್ರಂಥಾಲಯದಲ್ಲಿ ಧ್ವನಿಮುದ್ರಿಕೆ ಕೇಳಲು ಸ್ಥಳ ಇದೆಯೇ, ಪ್ರಾಯೋಗಿಕ ತರಗತಿಗೆ ತಬಲಾ ಮೃದಂಗದ ಪಕ್ಕವಾದ್ಯ ದಿನವೂ ಸಿಗುತ್ತದೆಯೇ ಅಥವಾ ಪರೀಕ್ಷೆಯ ದಿನ ಮಾತ್ರವೇ, ಹಿಂದಿನ ವರ್ಷದವರ ಪ್ರಬಂಧಗಳ ಹೆಸರುಗಳೇನು, ಪ್ರಬಂಧವನ್ನು ಕನ್ನಡದಲ್ಲಿ ಬರೆಯಬಹುದೇ, ಹೊರಗೆ ಗುರುಗಳ ಬಳಿ ಕಲಿಯುತ್ತಿದ್ದರೆ ಅದಕ್ಕೆ ಆಕ್ಷೇಪ ಇದೆಯೇ. ಹತ್ತು ಪ್ರಬಂಧಗಳಲ್ಲಿ ಎಂಟರ ಹೆಸರು ‘ಇಂಥವರ ಜೀವನ ಮತ್ತು ಸಾಧನೆ’ ಎಂದಿದ್ದರೆ ಅಲ್ಲಿ ಚರಿತ್ರೆ ಎಂದರೆ ಸನ್ಮಾನಪತ್ರ ಎಂದು ತಿಳಿದುಕೊಳ್ಳಬಹುದು. ಹೊರಗಿನ ಗುರುವನ್ನು ಬಿಡು ಎನ್ನುವ ವಿಭಾಗಕ್ಕೆ ಸೇರಲೇಬಾರದು.

ಮಾಡಬೇಕಾದ ಕೆಲಸಕ್ಕಂತೂ ಕೊರತೆಯಿಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದಲೇ 1935ರಲ್ಲಿ ರೇಡಿಯೊ ಶುರು ಮಾಡಿದರು, ಧಾರವಾಡದ ಆಕಾಶವಾಣಿ 1950ರಲ್ಲಿ ಬಂತು. ಅಲ್ಲಿಂದ ಬಿತ್ತರವಾದದ್ದನ್ನು, ಊರೂರಿನ ಜಾತ್ರೆ ಉರುಸುಗಳ ಅಹೋರಾತ್ರಿ ಕಛೇರಿಗಳನ್ನು ಟೇಪಿಗೆ ಇಳಿಸಿಕೊಂಡ ರಸಿಕರು ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಮೈಸೂರುಗಳಲ್ಲಿ ಇದ್ದಾರೆ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಗಾಯಕರ ಹೆಸರು, ರಾಗ ಬರೆದಿರುತ್ತದೆ. ತಬಲಾ ಯಾರು, ಹಾರ್ಮೋನಿಯಂ ಯಾರು, ಯಾವ ಊರು, ಯಾವ ವರ್ಷ ಎಂಬುದು ಆ ರಸಿಕರ ನೆನಪಿನಲ್ಲಿ ಮಾತ್ರ ಇದೆ. ಎಪ್ಪತ್ತೈದು ಎಂಬತ್ತು ದಾಟಿದವರು ಅವರು. ಒಂದು ವಿಭಾಗದ ಇಪ್ಪತ್ತು ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಮೊಬೈಲ್ ಹಿಡಿದುಕೊಂಡು ಆ ಮನೆಗಳಿಗೆ ಹೋಗಿ, ಕೂತು ಕೇಳಿ, ಬರೆದುಕೊಂಡು ಬಂದರೆ ಪ್ರಬಂಧದ ವಿಷಯಕ್ಕಾಗಿ ಗೈಡನ್ನು ಹುಡುಕುವ ತಾಪತ್ರಯ ತಪ್ಪುತ್ತದೆ, ಪಕ್ಕವಾದ್ಯದವರ ಹೆಸರುಗಳೂ ಮೊದಲ ಸಲ ಚರಿತ್ರೆಯ ಪತ್ರಿಕೆಗೆ ಬರುತ್ತವೆ.